ಎರಡನೇ ಪೆಟ್ಟು ಬೀಳುವ ಮುನ್ನ: ವ್ಯೋಮನೌಕೆಯ ಮೆಮೊರಿಯನ್ನು ದೋಷ ತಾಳುವಂತೆ ಕಟ್ಟುವ ಬಗೆ

1997ರ ಅಕ್ಟೋಬರ್‌ನಲ್ಲಿ ಶನಿಗ್ರಹದತ್ತ ಹೊರಟ ಕ್ಯಾಸಿನಿ ನೌಕೆಯ ಎರಡು ರೆಕಾರ್ಡರ್‌ಗಳಲ್ಲಿ ಇದ್ದದ್ದು ಮಾರುಕಟ್ಟೆಯಲ್ಲಿ ಸಿಗುವ, ಬರೆದು ಅಳಿಸುವ ಮೆಮೊರಿಯ ಸಾಮಾನ್ಯ ಡಿರ‍್ಯಾಮ್ ಚಿಪ್ಪುಗಳು. ಹಾರಾಟದ ಮೊದಲ ಎರಡೂವರೆ ವರ್ಷ ಅಲ್ಲಿ ದಿನಕ್ಕೆ ಸುಮಾರು 280 ಬಿಟ್‌ಗಳು ತಾವಾಗಿಯೇ ಮಗುಚುತ್ತಿದ್ದವು, ಅಂದರೆ 0 ಇದ್ದದ್ದು 1, 1 ಇದ್ದದ್ದು 0 ಆಗುತ್ತಿತ್ತು. ಆ ವರ್ಷದ ನವೆಂಬರ್ 6ರಂದು ಸೂರ್ಯನಿಂದ ಸಿಡಿದ ಪ್ರೋಟಾನ್‌ಗಳು ಬಂದಾಗ ಈ ಸಂಖ್ಯೆ ಅದೊಂದು ದಿನದ ಮಟ್ಟಿಗೆ ನಾಲ್ಕು ಪಟ್ಟಿಗೂ ಮಿಕ್ಕಿ ಏರಿತು. ಹಾಗಿದ್ದೂ ನೌಕೆ 2017ರ ಸೆಪ್ಟೆಂಬರ್‌ವರೆಗೆ ಕೆಲಸ ಮಾಡಿತು. ಬಿಟ್ ಮಗುಚುವುದನ್ನು ತಡೆಯುವುದು ಅಲ್ಲಿನ ವಿನ್ಯಾಸದ ಗುರಿಯಾಗಿರಲಿಲ್ಲ. ಮಗುಚಿದ ಬಿಟ್ಟನ್ನು ಗುರುತಿಸಿ ಮತ್ತೆ ನೆಟ್ಟಗೆ ಮಾಡುವುದು ಗುರಿಯಾಗಿತ್ತು.

ಸಣ್ಣ ಉಪಗ್ರಹಕ್ಕೋ ಪ್ರಯೋಗದ ಉಪಕರಣಕ್ಕೋ ಮೊದಲ ಬಾರಿ ಕಂಪ್ಯೂಟರ್ ಬೋರ್ಡ್ ರೂಪಿಸುತ್ತಿರುವವರಿಗಾಗಿ ಈ ಬರಹ. ಇಲ್ಲಿ ಹೇಳುವ ಎಲ್ಲ ಕ್ರಮಗಳ ಹಿಂದೆ ಒಂದೇ ನಿಯಮವಿದೆ: ಒಂದು ವರ್ಡ್‌ಗೆ, ಅಂದರೆ ಮೆಮೊರಿಯಲ್ಲಿ ಒಟ್ಟಿಗೆ ಓದಿ ಬರೆಯುವ ಬಿಟ್‌ಗಳ ಗುಂಪಿಗೆ, ಒಂದು ಸಲಕ್ಕೆ ಒಂದೇ ಪೆಟ್ಟು ಬೀಳುವಂತೆ ಬಿಟ್‌ಗಳನ್ನು ಹರಡಬೇಕು, ಎರಡನೇ ಪೆಟ್ಟು ಬೀಳುವ ಮುನ್ನ ಮೊದಲನೆಯದನ್ನು ಸರಿಪಡಿಸಿ ಮುಗಿಸಬೇಕು. ಯಾವ ಚಿಪ್ಪು ಕೊಳ್ಳಬೇಕು ಎಂಬ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವವನ್ನು ಈ ನಿಯಮಕ್ಕೆ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಹಾನಿಯನ್ನು ವಿಂಗಡಿಸಿ

ಭೂಮಿಯ ಸುತ್ತಲಿನ ವ್ಯಾನ್ ಆಲೆನ್ ಪಟ್ಟಿಗಳಲ್ಲಿ ಸಿಕ್ಕಿಬಿದ್ದ ಪ್ರೋಟಾನ್‌ಗಳು, ಸೂರ್ಯನಿಂದ ಸಿಡಿಯುವ ಕಣಗಳು, ಆಕಾಶಗಂಗೆಯ ಮೂಲೆಮೂಲೆಗಳಿಂದ ಬರುವ ಕಾಸ್ಮಿಕ್ ಕಿರಣಗಳು, ಈ ಮೂರೂ ಮೆಮೊರಿಯನ್ನು ಕಾಡುತ್ತವೆ. ಅಲ್ಯೂಮಿನಿಯಂ ಗೋಡೆಯನ್ನು ದಪ್ಪ ಮಾಡಿದರೆ ಎಲೆಕ್ಟ್ರಾನ್‌ಗಳೂ ಕಡಿಮೆ ಶಕ್ತಿಯ ಪ್ರೋಟಾನ್‌ಗಳೂ ನಿಲ್ಲುತ್ತವೆ. ಹೆಚ್ಚಿನ ಶಕ್ತಿಯ ಕಾಸ್ಮಿಕ್ ಕಿರಣ ಮಾತ್ರ ಗೋಡೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದ್ದರಿಂದ ಕವಚವೊಂದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ಕಣವೊಂದು ಸಿಲಿಕಾನ್ ಮೂಲಕ ಹಾದುಹೋಗುವಾಗ ದಾರಿಯುದ್ದಕ್ಕೂ ವಿದ್ಯುದಾವೇಶವನ್ನು ಚೆಲ್ಲುತ್ತದೆ. ಆ ಆವೇಶ ಒಂದು ಕೋಶದಲ್ಲಿ ಸೇರಿಕೊಂಡು ಬಿಟ್ ಮಗುಚಿದರೆ ಅದು ಮೃದು ದೋಷ: ಚಿಪ್ಪಿಗೆ ಏನೂ ಆಗಿರುವುದಿಲ್ಲ, ಸರಿಯಾದ ಮೌಲ್ಯವನ್ನು ಮತ್ತೆ ಬರೆದರೆ ಸಾಕು. ಅದೇ ಆವೇಶ ಅಕ್ಕಪಕ್ಕದ ಕೋಶಗಳಿಗೂ ಹರಡಿದರೆ ಒಂದೇ ಕಣಕ್ಕೆ ಎರಡು ಮೂರು ಬಿಟ್‌ಗಳು ಒಟ್ಟಿಗೆ ಮಗುಚುತ್ತವೆ, ಮತ್ತು ಕೋಶಗಳು ಕಿರಿದಾದಷ್ಟೂ ಈ ಅಪಾಯ ಹೆಚ್ಚು. ಮೂರನೆಯ ಬಗೆಯಲ್ಲಿ ಕಣವು ದತ್ತಾಂಶದ ಕೋಶಕ್ಕೆ ಬಡಿಯದೆ ಚಿಪ್ಪಿನ ನಿಯಂತ್ರಣ ಭಾಗಕ್ಕೆ ಬಡಿಯುತ್ತದೆ. ಎಸ್‌ಡಿರ‍್ಯಾಮ್‌ನ ಮೋಡ್ ರಿಜಿಸ್ಟರ್, ಅಂದರೆ ಚಿಪ್ಪು ಹೇಗೆ ಕೆಲಸ ಮಾಡಬೇಕೆಂಬ ಆಯ್ಕೆಗಳನ್ನು ಹಿಡಿದಿಡುವ ಜಾಗ, ಕೆಟ್ಟರೆ ಇಡೀ ಚಿಪ್ಪು ಅರ್ಥವಿಲ್ಲದ ಉತ್ತರ ಕೊಡತೊಡಗುತ್ತದೆ. ನಾಲ್ಕನೆಯದು ಲ್ಯಾಚಪ್, ಅಂದರೆ ಚಿಪ್ಪಿನೊಳಗೆ ವಿದ್ಯುತ್ತಿಗೆ ಅಡ್ಡದಾರಿ ತೆರೆದುಕೊಂಡು ಕರೆಂಟ್ ಏರುತ್ತ ಹೋಗುವುದು. ಪವರ್ ತೆಗೆಯುವವರೆಗೆ ಅದು ನಿಲ್ಲುವುದಿಲ್ಲ, ತಡಮಾಡಿದರೆ ಚಿಪ್ಪು ಸುಟ್ಟುಹೋಗಬಹುದು. ಇವೆಲ್ಲದರ ಜೊತೆಗೆ ವರ್ಷಗಟ್ಟಲೆ ಸೇರಿಕೊಳ್ಳುವ ವಿಕಿರಣದ ಒಟ್ಟು ಡೋಸ್‌ನಿಂದ ಕೋಶಗಳು ಸೊರಗುತ್ತವೆ, ಕೆಲವು ಬಿಟ್‌ಗಳು 0 ಅಥವಾ 1ರಲ್ಲೇ ಅಂಟಿಕೊಂಡುಬಿಡುತ್ತವೆ.

ಈ ವಿಂಗಡಣೆ ಏಕೆ ಬೇಕೆಂದರೆ, ಒಂದಕ್ಕೆ ಹಿಡಿದ ಕೊಡೆ ಇನ್ನೊಂದಕ್ಕೆ ಆಗುವುದಿಲ್ಲ. ದೋಷ ತಿದ್ದುವ ಕೋಡ್‌ನಿಂದ ಲ್ಯಾಚಪ್ ನಿಲ್ಲದು. ಅದಕ್ಕೆ ಪ್ರತಿ ಮೆಮೊರಿ ಬ್ಯಾಂಕಿಗೂ ಪ್ರತ್ಯೇಕವಾದ, ಕರೆಂಟ್ ಮಿತಿ ಮೀರಿದ ಕೂಡಲೇ ಪವರ್ ಕತ್ತರಿಸುವ ಸ್ವಿಚ್ ಬೇಕು. ಹಾಗೆ ಕತ್ತರಿಸುವಾಗ ಪವರ್ ತಂತಿಯನ್ನಷ್ಟೇ ಬಿಡಿಸಿದರೆ ಸಾಲದು, ಅಡ್ರೆಸ್ ಮತ್ತು ಡೇಟಾ ತಂತಿಗಳಿಂದಲೂ ಚಿಪ್ಪಿಗೆ ಕರೆಂಟ್ ನುಸುಳಿ ಲ್ಯಾಚಪ್ ಜೀವ ಹಿಡಿದುಕೊಂಡಿರುತ್ತದೆ ಎಂಬುದನ್ನು ಮರೆಯಬಾರದು. ಮೋಡ್ ರಿಜಿಸ್ಟರ್ ಕೆಡುವುದಕ್ಕೆ ಮದ್ದು ಸುಲಭ: ಅದನ್ನು ಆಗಾಗ ಹೊಸದಾಗಿ ಬರೆಯುತ್ತಿರಬೇಕು.

ಯಾವುದನ್ನು ಎಲ್ಲಿಡಬೇಕು

ಎಲ್ಲ ಮಾಹಿತಿಗೂ ಒಂದೇ ಮಟ್ಟದ ರಕ್ಷಣೆ ಕೊಡಲು ಹೋದರೆ ತೂಕವೂ ವಿದ್ಯುತ್ತೂ ಸಾಲುವುದಿಲ್ಲ. ನೌಕೆಗೆ ಪವರ್ ಬಂದ ಕೂಡಲೇ ಓಡುವ ಮೊದಲ ಪ್ರೋಗ್ರಾಂ ಬದಲಾಗದ ಮೆಮೊರಿಯಲ್ಲಿರಲಿ. ಅಪೊಲೊ ನೌಕೆಗಳಲ್ಲಿ 36,864 ವರ್ಡ್‌ಗಳ ಪ್ರೋಗ್ರಾಂ ತಂತಿಗಳನ್ನು ಕಾಂತೀಯ ಬಳೆಗಳ ಒಳಗೂ ಹೊರಗೂ ಹೆಣೆದು ಮಾಡಿದ ಮೆಮೊರಿಯಲ್ಲಿತ್ತು. ಬರೆದು ಅಳಿಸುವ ಮೆಮೊರಿ ಇದ್ದದ್ದು 2,048 ವರ್ಡ್ ಮಾತ್ರ. ಹೆಣೆದ ತಂತಿಯನ್ನು ಯಾವ ಕಣವೂ ಮಗುಚಲಾರದು. ಇಂದು ಆ ಸ್ಥಾನಕ್ಕೆ ಒಮ್ಮೆ ಮಾತ್ರ ಬರೆಯಬಹುದಾದ ಪಿರೋಮ್ ಇಲ್ಲವೇ ಎಂರ‍್ಯಾಮ್ ಬರುತ್ತದೆ. ಎಂರ‍್ಯಾಮ್ ಕೋಶ ಬಿಟ್ಟನ್ನು ಕಾಂತೀಯವಾಗಿ ಹಿಡಿದಿಡುವುದರಿಂದ ಕಣಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಆದರೆ ಕೋಶಗಳ ಸುತ್ತಲಿನ ಸರ್ಕ್ಯೂಟ್ ಸಾಮಾನ್ಯ ಸಿಲಿಕಾನ್ನಿನದೇ ಆದ್ದರಿಂದ ಲ್ಯಾಚಪ್ ಪರೀಕ್ಷೆಯಿಂದ ಅದಕ್ಕೆ ವಿನಾಯಿತಿ ಕೊಡಬೇಡಿ.

ಮುಖ್ಯ ಸಾಫ್ಟ್‌ವೇರ್‌ನ ಕನಿಷ್ಠ ಎರಡು ಪ್ರತಿಗಳು ಬೇರೆ ಬೇರೆ ಚಿಪ್ಪುಗಳಲ್ಲಿ, ಪ್ರತಿಯೊಂದಕ್ಕೂ ತನ್ನದೇ ಸಿಆರ್‌ಸಿ ಮೊತ್ತದೊಂದಿಗೆ (ಪ್ರತಿ ಕೆಟ್ಟಿದೆಯೇ ಎಂದು ತಿಳಿಸುವ ತಪಾಸಣೆಯ ಸಂಖ್ಯೆ) ಇರಲಿ. ವಿಜ್ಞಾನದ ದತ್ತಾಂಶ ಪವರ್ ಹೋದರೂ ಉಳಿಯುವ ಫ್ಲ್ಯಾಶ್ ಮೆಮೊರಿಗೆ ಹೋಗಲಿ. ಫ್ಲ್ಯಾಶ್‌ನಲ್ಲಿ ಬರೆಯಲು, ಅಳಿಸಲು ಬೇಕಾದ ಹೆಚ್ಚಿನ ವೋಲ್ಟೇಜ್ ತಯಾರಿಸುವ ಚಾರ್ಜ್ ಪಂಪ್ ಒಟ್ಟು ಡೋಸ್‌ಗೆ ಮೊದಲು ಸೋಲುವ ಭಾಗವಾದ್ದರಿಂದ, ಬಳಸದ ಹೊತ್ತಿನಲ್ಲಿ ಆ ಚಿಪ್ಪಿನ ಪವರ್ ಆರಿಸಿಡುವುದು ಒಳ್ಳೆಯ ಅಭ್ಯಾಸ.

ಕೆಲವೇ ಕೆಲವು ಚರಗಳಿಗೆ, ಉದಾಹರಣೆಗೆ ನೌಕೆ ಯಾವ ಸ್ಥಿತಿಯಲ್ಲಿದೆ, ಆಂಟೆನಾ ಬಿಡಿಸಿದೆಯೇ ಎಂಬಂಥವಕ್ಕೆ, ಮೂರು ಪ್ರತಿ ಇಟ್ಟು ಓದುವಾಗ ಬಹುಮತದ ಮೌಲ್ಯವನ್ನು ತೆಗೆದುಕೊಳ್ಳುವ ಕ್ರಮ ಸೂಕ್ತ. ಆದರೆ ಮೂರೂ ಪ್ರತಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಒಂದೇ ಕಣ ಎರಡನ್ನು ಕೆಡಿಸಿ ಸುಳ್ಳಿಗೇ ಬಹುಮತ ದೊರಕಿಸಬಹುದು. ಇನ್ನೊಂದು ಮೋಸ ಪ್ರೋಗ್ರಾಂ ಅನ್ನು ಯಂತ್ರದ ಆದೇಶಗಳಿಗೆ ಅನುವಾದಿಸುವ ಕಂಪೈಲರ್‌ನದು: ಮೂರು ಚರಗಳಿಗೂ ಒಂದೇ ಬೆಲೆ ಎಂದು ಅದು ತರ್ಕಿಸಿ, ಮತದಾನವನ್ನೇ ಅನಗತ್ಯವೆಂದು ಅಳಿಸಿಹಾಕುತ್ತದೆ. ಹಾಗೆ ಅಳಿಸಬೇಡ ಎಂದು ಸೂಚಿಸಲು ಚರಗಳನ್ನು ವೋಲಟೈಲ್ ಎಂದು ಘೋಷಿಸಿದ ಮೇಲೂ ತಯಾರಾದ ಅಸೆಂಬ್ಲಿಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಕೋಡ್ ಹೇಗೆ ತಿದ್ದುತ್ತದೆ: ಕೈಯಲ್ಲೇ ಮಾಡಿ ನೋಡಿ

ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಕೋಡ್ ಇಂದಿಗೂ ಈ ಕೆಲಸದ ತಳಪಾಯ. ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಚಿಪ್ಪಿನಲ್ಲಿ ಅದು ಸಿದ್ಧವಾಗಿಯೇ ಬರುತ್ತದಾದರೂ ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಿದವರಿಗೆ ಅದರ ಬಲವೂ ಮಿತಿಯೂ ಮನಸ್ಸಿನಲ್ಲಿ ಉಳಿಯುತ್ತವೆ.

ನಾಲ್ಕು ಬಿಟ್‌ಗಳ ದತ್ತಾಂಶ 1011 ಎಂದಿಟ್ಟುಕೊಳ್ಳಿ. ಏಳು ಸ್ಥಾನಗಳನ್ನು ಬರೆದು 3, 5, 6, 7ನೇ ಸ್ಥಾನಗಳಲ್ಲಿ ದತ್ತಾಂಶವನ್ನು ತುಂಬಿ. 1, 2, 4ನೇ ಸ್ಥಾನಗಳು ತಪಾಸಣೆಯ ಬಿಟ್‌ಗಳಿಗೆ. ಮೊದಲ ತಪಾಸಣೆ 1, 3, 5, 7ನೇ ಸ್ಥಾನಗಳದು, ಎರಡನೆಯದು 2, 3, 6, 7ರದು, ಮೂರನೆಯದು 4, 5, 6, 7ರದು. ಪ್ರತಿ ಗುಂಪಿನಲ್ಲೂ 1ಗಳ ಸಂಖ್ಯೆ ಸಮವಾಗುವಂತೆ ತಪಾಸಣೆಯ ಬಿಟ್ ತುಂಬಿದರೆ ಸಿಗುವ ವರ್ಡ್ 0110011. ಈಗ 6ನೇ ಸ್ಥಾನದ ಬಿಟ್ ಮಗುಚಿ 0110001 ಆಯಿತೆನ್ನೋಣ. ಮೊದಲ ಗುಂಪು ಸರಿಯಾಗಿದೆ, ಎರಡನೆಯದು ಮತ್ತು ಮೂರನೆಯದು ತಪ್ಪಿವೆ. ತಪ್ಪಿದ ಗುಂಪುಗಳ ತಪಾಸಣೆಯ ಸ್ಥಾನಗಳಾದ 2 ಮತ್ತು 4ನ್ನು ಕೂಡಿದರೆ 6 ಬರುತ್ತದೆ. ಕೆಟ್ಟ ಬಿಟ್ ತನ್ನ ವಿಳಾಸವನ್ನು ತಾನೇ ಹೇಳಿತು.

ಈಗ ಮಿತಿಯನ್ನು ನೋಡಿ. ಅದೇ ವರ್ಡ್‌ನಲ್ಲಿ 6ರ ಜೊತೆ 3ನೇ ಬಿಟ್ ಸಹ ಮಗುಚಿದರೆ 0100001 ಆಗುತ್ತದೆ. ಮೊದಲ ಮತ್ತು ಮೂರನೇ ಗುಂಪುಗಳು ತಪ್ಪುತ್ತವೆ, 1 ಮತ್ತು 4 ಸೇರಿ 5 ಎನ್ನುತ್ತವೆ. ಕೋಡ್ ನಂಬಿಕೆಯಿಂದ 5ನೇ ಬಿಟ್ಟನ್ನು ‘ತಿದ್ದುತ್ತದೆ’, ಮತ್ತು 1011 ಇದ್ದ ದತ್ತಾಂಶ 0101 ಆಗಿ ನಾಲ್ಕರಲ್ಲಿ ಮೂರು ಬಿಟ್‌ಗಳು ತಪ್ಪಾಗುತ್ತವೆ. ಎರಡು ಪೆಟ್ಟು ಬಿದ್ದಾಗ ಕೋಡ್ ಸುಮ್ಮನೆ ಸೋಲುವುದಿಲ್ಲ, ಗೆದ್ದೆನೆಂದುಕೊಂಡು ಮೂರನೇ ಪೆಟ್ಟನ್ನು ತಾನೇ ಕೊಡುತ್ತದೆ.

ಇದನ್ನು ತಡೆಯಲು ಇಡೀ ವರ್ಡ್‌ನ 1ಗಳ ಸಂಖ್ಯೆಯನ್ನು ಸಮ ಮಾಡುವ ಇನ್ನೊಂದು ಬಿಟ್, ಅಂದರೆ ಪ್ಯಾರಿಟಿ ಬಿಟ್, ಸೇರಿಸುತ್ತಾರೆ. ಮೂಲ ವರ್ಡ್‌ನಲ್ಲಿ ನಾಲ್ಕು 1ಗಳಿದ್ದವು, ಹಾಗಾಗಿ ಅದು 0. ಎರಡು ಬಿಟ್ ಮಗುಚಿದ ಮೇಲೂ 1ಗಳ ಸಂಖ್ಯೆ ಎರಡು, ಅಂದರೆ ಸಮವೇ. ಗುಂಪುಗಳು ತಪ್ಪಿದ್ದರೂ ಒಟ್ಟು ಪ್ಯಾರಿಟಿ ಸರಿಯಾಗಿದ್ದರೆ ಅದು ಜೋಡಿ ದೋಷ, ತಿದ್ದಬೇಡ, ದೂರು ಕೊಡು ಎಂದರ್ಥ. ಒಂದನ್ನು ತಿದ್ದಿ ಎರಡನ್ನು ಪತ್ತೆಹಚ್ಚುವ ಈ ಬಗೆಯ ಕೋಡ್‌ಗೆ 32 ಬಿಟ್‌ಗಳ ವರ್ಡ್‌ಗೆ 7, 64 ಬಿಟ್‌ಗಳಿಗೆ 8 ತಪಾಸಣೆಯ ಬಿಟ್‌ಗಳು ಬೇಕು. ಬೋರ್ಡ್ ರೂಪಿಸುವಾಗ ಬರಿಯ ಹ್ಯಾಮಿಂಗ್ ಎಂದು ಬರೆದಿರುವ ಕಂಟ್ರೋಲರ್ ಕಂಡರೆ ಈ ಕೊನೆಯ ಬಿಟ್ ಇದೆಯೇ ಎಂದು ಮೊದಲು ವಿಚಾರಿಸಿ.

ಬಿಟ್‌ಗಳನ್ನು ಹರಡುವುದು

ಕ್ಯಾಸಿನಿಯ ಅನುಭವ ಇಲ್ಲಿ ಪಾಠ ಹೇಳುತ್ತದೆ. ಆ ರೆಕಾರ್ಡರ್‌ಗಳಲ್ಲಿ ತಿದ್ದಲಾಗದ ಜೋಡಿ ದೋಷಗಳು ನಿರೀಕ್ಷೆಗಿಂತ ಹೆಚ್ಚಾಗಿ ಕಂಡವು. ಎರಡು ಬೇರೆ ಬೇರೆ ಕಣಗಳು ಒಂದೇ ವರ್ಡ್‌ಗೆ ಬಡಿಯುವ ಸಂಭವವನ್ನು ಲೆಕ್ಕ ಹಾಕಿದ್ದರೂ, ಒಂದೇ ಕಣ ಒಂದೇ ಚಿಪ್ಪಿನೊಳಗಿನ ನೆರೆಯ ಕೋಶಗಳನ್ನು ಕೆಡಿಸಿದಾಗ ಅವೆರಡೂ ಒಂದೇ ವರ್ಡ್‌ಗೆ ಸೇರಿದ ಬಿಟ್‌ಗಳಾಗಿರುವಂತೆ ಮೆಮೊರಿಯ ಜೋಡಣೆ ಇತ್ತು.

ಆದ್ದರಿಂದ ಒಂದು ಚಿಪ್ಪಿನಿಂದ ಒಂದು ಕೋಡ್ ವರ್ಡ್‌ಗೆ ಒಂದೇ ಬಿಟ್ ಹೋಗುವಂತೆ ತಂತಿಗಳನ್ನು ಜೋಡಿಸುವುದು ಉತ್ತಮ. ಆಗ ಒಂದು ಇಡೀ ಚಿಪ್ಪು ಸತ್ತರೂ ಪ್ರತಿ ವರ್ಡ್‌ನಲ್ಲಿ ಕೆಡುವುದು ಒಂದೇ ಬಿಟ್. ಅಷ್ಟು ಚಿಪ್ಪುಗಳಿಗೆ ಜಾಗವಿಲ್ಲದಿದ್ದರೆ, 8 ಬಿಟ್ ಅಗಲದ ಚಿಪ್ಪುಗಳನ್ನೇ ಬಳಸಿ ರೀಡ್–ಸಾಲಮನ್ ಕೋಡ್‌ಗೆ ಹೋಗಬೇಕು. 1960ರಲ್ಲಿ ಬಂದ ಈ ಕೋಡ್ ಬಿಟ್‌ಗಳನ್ನಲ್ಲ, ಬಿಟ್‌ಗಳ ಗುಂಪನ್ನು ಒಂದು ಅಕ್ಷರವೆಂದು ಎಣಿಸುತ್ತದೆ. ದತ್ತಾಂಶದ ಚಿಪ್ಪುಗಳ ಜೊತೆ ತಪಾಸಣೆಯ ಎರಡು ಚಿಪ್ಪುಗಳನ್ನಿಟ್ಟರೆ ಯಾವುದಾದರೂ ಒಂದು ಚಿಪ್ಪಿನ ಎಂಟು ಬಿಟ್‌ಗಳು ಹೇಗೆ ಕೆಟ್ಟರೂ ತಿದ್ದಬಲ್ಲದು.

ಸ್ಕ್ರಬಿಂಗ್: ಎಷ್ಟು ಹೊತ್ತಿಗೊಮ್ಮೆ

ಓದಿದಾಗ ಮಾತ್ರ ಕೋಡ್ ತಿದ್ದುತ್ತದೆ. ತಿಂಗಳಾನುಗಟ್ಟಲೆ ಯಾರೂ ಮುಟ್ಟದ ವರ್ಡ್‌ನಲ್ಲಿ ಮೊದಲ ದೋಷ ಹಾಗೆಯೇ ಕುಳಿತು ಎರಡನೆಯದಕ್ಕೆ ಕಾಯುತ್ತಿರುತ್ತದೆ. ಇಡೀ ಮೆಮೊರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ದೋಷ ಕಂಡಲ್ಲಿ ತಿದ್ದಿದ ಮೌಲ್ಯವನ್ನು ಮರಳಿ ಬರೆಯುವ ಕೆಲಸಕ್ಕೆ ಸ್ಕ್ರಬಿಂಗ್ ಎನ್ನುತ್ತಾರೆ.

ಎಷ್ಟು ಬೇಗ ಮಾಡಬೇಕೆಂಬುದನ್ನು ಊಹಿಸಬೇಡಿ, ಲೆಕ್ಕ ಹಾಕಿ. 256 ಮೆಗಾಬೈಟ್ ಮೆಮೊರಿಯಲ್ಲಿ 64 ಬಿಟ್‌ಗಳ ವರ್ಡ್‌ಗಳು 3,35,54,432. ದಿನಕ್ಕೆ 300 ಬಿಟ್ ಮಗುಚುತ್ತವೆ ಎಂದು ಹಿಡಿಯೋಣ. ಒಂದು ಅವಧಿಯಲ್ಲಿ ಮಗುಚುವ ಬಿಟ್‌ಗಳ ಸಂಖ್ಯೆಯ ವರ್ಗವನ್ನು ಎರಡರಿಂದಲೂ ವರ್ಡ್‌ಗಳ ಸಂಖ್ಯೆಯಿಂದಲೂ ಭಾಗಿಸಿದರೆ, ಆ ಅವಧಿಯಲ್ಲಿ ಜೋಡಿ ದೋಷ ಸಿಗುವ ಸರಾಸರಿ ವರ್ಡ್‌ಗಳು ತಿಳಿಯುತ್ತವೆ. ವರ್ಷವಿಡೀ ಸ್ಕ್ರಬಿಂಗ್ ಇಲ್ಲದಿದ್ದರೆ ಅಂಥ ವರ್ಡ್‌ಗಳು ಸುಮಾರು 180. ದಿನಕ್ಕೊಮ್ಮೆ ಮಾಡಿದರೆ ಎರಡು ವರ್ಷಕ್ಕೊಂದು. ಗಂಟೆಗೊಮ್ಮೆ ಮಾಡಿದರೆ ಸುಮಾರು 49 ವರ್ಷಕ್ಕೊಂದು. ಗಂಟೆಗೊಮ್ಮೆ ಎಂದರೆ ಸೆಕೆಂಡಿಗೆ ಸುಮಾರು 9,300 ವರ್ಡ್ ಓದಿದರೆ ಮುಗಿಯಿತು. ಪ್ರೊಸೆಸರ್‌ಗೆ ಇದು ಭಾರವೇ ಅಲ್ಲ. ಆದರೆ ವರ್ಗದ ಲೆಕ್ಕ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ: ಸೂರ್ಯ ಕೆರಳಿದ ದಿನ ಬಿಟ್ ಮಗುಚುವ ವೇಗ ನಾಲ್ಕು ಪಟ್ಟಾದರೆ ಜೋಡಿ ದೋಷದ ಸಂಭವ ಹದಿನಾರು ಪಟ್ಟಾಗುತ್ತದೆ. ಸ್ಕ್ರಬಿಂಗ್ ಅವಧಿಯನ್ನು ನೆಲದಿಂದ ಆಜ್ಞೆ ಕೊಟ್ಟು ಬದಲಿಸುವಂತೆ ಇಡುವುದು ಇದಕ್ಕಾಗಿಯೇ.

ಸಾಫ್ಟ್‌ವೇರ್ ಬರೆಯುವವರು ಎಡವುವ ಜಾಗಗಳು

ಪವರ್ ಬಂದಾಗ ಮೆಮೊರಿಯಲ್ಲಿ ಕಸ ತುಂಬಿರುತ್ತದೆ, ತಪಾಸಣೆಯ ಬಿಟ್‌ಗಳಲ್ಲೂ ಕಸವೇ. ಒಂದು ಸಲವೂ ಬರೆಯದ ವರ್ಡ್‌ಗಳನ್ನು ಓದಿದರೆ ತಿದ್ದಲಾಗದ ದೋಷಗಳ ಮಳೆಯೇ ಸುರಿದು ಕಂಪ್ಯೂಟರ್ ರಿಸೆಟ್ ಆಗಿಬಿಡುತ್ತದೆ. ಆದ್ದರಿಂದ ಬೂಟ್ ಪ್ರೋಗ್ರಾಂ ಬೇರೆ ಯಾವ ಕೆಲಸಕ್ಕೂ ಮುನ್ನ ಇಡೀ ಮೆಮೊರಿಗೆ ಸೊನ್ನೆ ಬರೆಯಬೇಕು. ಒಂದು ಬೈಟ್ ಮಾತ್ರ ಬರೆಯುವ ಆದೇಶವೂ ಇದೇ ಹಳ್ಳಕ್ಕೆ ಬೀಳಿಸಬಲ್ಲದು, ಏಕೆಂದರೆ ಕಂಟ್ರೋಲರ್ ಮೊದಲು ಇಡೀ ವರ್ಡ್ ಓದಿ, ಬೈಟ್ ಬದಲಿಸಿ, ಹೊಸ ತಪಾಸಣೆಯ ಬಿಟ್‌ಗಳೊಂದಿಗೆ ಮರಳಿ ಬರೆಯುತ್ತದೆ. ಸೊನ್ನೆ ತುಂಬುವಾಗ ಪೂರ್ತಿ ವರ್ಡ್‌ಗಳನ್ನೇ ಬರೆಯಿರಿ.

ಪ್ರೊಸೆಸರ್ ಬೇಗ ಓದಲೆಂದು ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ಕ್ಯಾಷ್‌ನ ಮೋಸ ಇನ್ನೂ ನಯವಾದದ್ದು. ಸ್ಕ್ರಬಿಂಗ್ ಪ್ರೋಗ್ರಾಂ ಕ್ಯಾಷ್ ಮೂಲಕ ಓದುತ್ತಿದ್ದರೆ ಅದು ನೋಡುವುದು ಮೆಮೊರಿಯನ್ನಲ್ಲ, ಕ್ಯಾಷ್‌ನಲ್ಲಿರುವ ಪ್ರತಿಯನ್ನು. ಎಲ್ಲವೂ ಸರಿಯಿದೆಯೆಂದು ಅದು ವರದಿ ಮಾಡುತ್ತಿರುವಾಗಲೇ ಕೆಳಗೆ ದೋಷಗಳು ಬೆಳೆಯುತ್ತಿರಬಹುದು. ಕ್ಯಾಷ್ ಬದಿಗಿಟ್ಟು ಓದುವ ದಾರಿಯನ್ನೇ ಬಳಸಬೇಕು. ಕ್ಯಾಷ್‌ಗೂ ಪ್ಯಾರಿಟಿ ಇರಬೇಕಾದದ್ದು ಸರಿಯೇ. ಆದರೆ ಪ್ಯಾರಿಟಿ ಪತ್ತೆ ಮಾತ್ರ ಮಾಡುತ್ತದೆ, ತಿದ್ದುವುದಿಲ್ಲ. ಹಾಗಾಗಿ ಬರೆದದ್ದೆಲ್ಲ ಆ ಕ್ಷಣವೇ ಮುಖ್ಯ ಮೆಮೊರಿಗೂ ಹೋಗುವ ಬಗೆಯ ಕ್ಯಾಷ್ ಆರಿಸಿಕೊಂಡರೆ, ಕೆಟ್ಟ ಸಾಲನ್ನು ಎಸೆದು ಮೆಮೊರಿಯಿಂದ ಮತ್ತೆ ತರಬಹುದು.

ಸ್ಕ್ರಬಿಂಗ್ ಪ್ರೋಗ್ರಾಂ ಒಂದು ವರ್ಡ್ ಓದಿ ತಿದ್ದಿ ಮರಳಿ ಬರೆಯುವಷ್ಟರಲ್ಲಿ ಕ್ಯಾಮೆರಾದ ಡಿಎಂಎ (ಪ್ರೊಸೆಸರ್ ನಡುವೆ ಬಾರದೆ ನೇರವಾಗಿ ಮೆಮೊರಿಗೆ ಬರೆಯುವ ವ್ಯವಸ್ಥೆ) ಅದೇ ಜಾಗಕ್ಕೆ ಹೊಸ ದತ್ತಾಂಶ ಬರೆದಿದ್ದರೆ, ತಿದ್ದಿದ ಹಳೆಯ ಮೌಲ್ಯ ಹೊಸದನ್ನು ಅಳಿಸಿಹಾಕುತ್ತದೆ. ದೋಷ ಸರಿಪಡಿಸಲು ಹೋಗಿ ದೋಷ ಹುಟ್ಟಿಸಿದ ಹಾಗೆ. ಈ ಕೆಲಸವನ್ನು ಮೆಮೊರಿ ಕಂಟ್ರೋಲರ್‌ನ ಹಾರ್ಡ್‌ವೇರ್‌ಗೇ ಬಿಡುವುದು ಕ್ಷೇಮ. ಸಾಫ್ಟ್‌ವೇರ್‌ನಲ್ಲೇ ಮಾಡಬೇಕಾದರೆ ಮೆಮೊರಿಗೆ ಹೋಗುವ ತಂತಿಗಳ ಹಾದಿಯಾದ ಬಸ್ಸನ್ನು ಲಾಕ್ ಮಾಡಿ, ದೋಷ ಕಂಡಾಗ ಮಾತ್ರ ಬರೆಯಿರಿ.

ತಿದ್ದಲಾಗದೆ ಹೋದಾಗ

ಜೋಡಿ ದೋಷ ಸಿಕ್ಕ ಜಾಗದಲ್ಲಿ ಪ್ರೋಗ್ರಾಂ ಇದ್ದರೆ ಉಳಿಸಿಟ್ಟ ಪ್ರತಿಯಿಂದ ಮರಳಿ ತರಬೇಕು, ಚಿತ್ರದ ತುಣುಕಿದ್ದರೆ ಗುರುತು ಹಾಕಿ ಮುಂದೆ ಹೋಗಬೇಕು, ಏನಿದೆಯೆಂದು ಗೊತ್ತಾಗದಿದ್ದರೆ ಮಾತ್ರ ರಿಸೆಟ್ ಆಗಬೇಕು. ರಿಸೆಟ್ಟೇ ಎಲ್ಲಕ್ಕೂ ಮದ್ದು ಎಂದುಕೊಳ್ಳುವವರು ಸ್ಪಿರಿಟ್ ರೋವರ್‌ನ ಕಥೆಯನ್ನು ನೆನಪಿಡಬೇಕು. 2004ರ ಜನವರಿಯಲ್ಲಿ, ಮಂಗಳನ ಮೇಲಿಳಿದು ಮೂರು ವಾರ ತುಂಬುವ ಮೊದಲೇ, ಅದು ಬೂಟ್ ಆಗುವುದು, ಫ್ಲ್ಯಾಶ್‌ನ ಫೈಲ್ ವ್ಯವಸ್ಥೆಯನ್ನು ತೆರೆಯಲು ಹೋಗಿ ಎಡವುವುದು, ಮತ್ತೆ ಬೂಟ್ ಆಗುವುದು, ಹೀಗೆ ಸುತ್ತಿಗೆ ಸಿಕ್ಕಿಬಿತ್ತು. ಅಲ್ಲಿ ಕಾರಣ ವಿಕಿರಣವಲ್ಲ. ಫೈಲ್‌ಗಳು ಹೆಚ್ಚಾಗಿ ಅವುಗಳ ಪಟ್ಟಿಗೆ ರ‍್ಯಾಮ್ ಸಾಲದಾಗಿತ್ತು. ಫ್ಲ್ಯಾಶ್ ಮುಟ್ಟದೆ ಬೂಟ್ ಆಗು ಎಂಬ ಆಜ್ಞೆಯೊಂದು ವಿನ್ಯಾಸದಲ್ಲಿ ಇದ್ದದ್ದರಿಂದ ಎಂಜಿನಿಯರ್‌ಗಳು ಅದನ್ನು ಹಿಡಿತಕ್ಕೆ ತಂದು, ಫ್ಲ್ಯಾಶ್ ಫಾರ್ಮ್ಯಾಟ್ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಿದರು. ನಿಮ್ಮ ಬೂಟ್ ಪ್ರೋಗ್ರಾಂ ಸಹ ಎರಡು ಮೂರು ಸಲ ಸೋತ ಮೇಲೆ ಅದೇ ದಾರಿ ಹಿಡಿಯದೆ, ದೊಡ್ಡ ಮೆಮೊರಿಗಳನ್ನೆಲ್ಲ ಬಿಟ್ಟು ರೇಡಿಯೊ ಮಾತ್ರ ನಡೆಸುವ ಸ್ಥಿತಿಗೆ ಇಳಿಯಬೇಕು.

ಇನ್ನು ಚಿಪ್ಪೇ ಸತ್ತಾಗ ಉಳಿಯುವುದು ಖಾಲಿ ಜಾಗ ಮತ್ತು ಮೆಮೊರಿಯನ್ನು ದೂರದಿಂದ ಓದಿ ಬರೆಯುವ ಸೌಲಭ್ಯ. 1977ರಲ್ಲಿ ಹಾರಿದ ವಾಯೇಜರ್ 1 2023ರ ನವೆಂಬರ್‌ನಿಂದ ಅರ್ಥವಿಲ್ಲದ ದತ್ತಾಂಶ ಕಳಿಸತೊಡಗಿತು. ದತ್ತಾಂಶ ಹೊಂದಿಸುವ ಕಂಪ್ಯೂಟರ್‌ನ ಮೆಮೊರಿಯ ಸುಮಾರು ಶೇ 3ರಷ್ಟು ಭಾಗ ಕೆಟ್ಟಿತ್ತು, ಅದಕ್ಕೆ ಒಂದೇ ಒಂದು ಚಿಪ್ಪು ಕಾರಣವಾಗಿತ್ತು. ಆ ಚಿಪ್ಪಿನಲ್ಲಿದ್ದ ಪ್ರೋಗ್ರಾಂ ಪೂರ್ತಿಯಾಗಿ ಹಿಡಿಸುವಷ್ಟು ದೊಡ್ಡ ಖಾಲಿ ಜಾಗ ಬೇರೆಲ್ಲೂ ಇರಲಿಲ್ಲವಾದ್ದರಿಂದ ಅದನ್ನು ತುಂಡು ಮಾಡಿ ಅಲ್ಲಲ್ಲಿ ತುರುಕಿ, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವಂತೆ ವಿಳಾಸಗಳನ್ನು ತಿದ್ದಿ, 2024ರ ಏಪ್ರಿಲ್ 18ರಂದು ಕಳಿಸಿದರು. ಸಂಕೇತ ಹೋಗಲು ಇಪ್ಪತ್ತೆರಡೂವರೆ ಗಂಟೆ, ಬರಲು ಮತ್ತೆ ಅಷ್ಟೇ; 20ರಂದು ಉತ್ತರ ಬಂತು. ಕೆಟ್ಟ ಬ್ಲಾಕ್‌ಗಳ ಪಟ್ಟಿ ಇಟ್ಟುಕೊಂಡು ಅವನ್ನು ಬಿಟ್ಟು ಪ್ರೋಗ್ರಾಂ ಲೋಡ್ ಮಾಡುವ ಸೌಕರ್ಯವನ್ನು ನೀವು ಮೊದಲ ದಿನವೇ ಬರೆದಿಟ್ಟರೆ ಇಂಥ ಸಾಹಸ ಬೇಕಾಗುವುದಿಲ್ಲ.

ಕೆಡಿಸಿ ನೋಡುವುದು

ಹಾರುವ ಮುನ್ನ ಚಿಪ್ಪುಗಳನ್ನು ವೇಗವರ್ಧಕದ ಕಿರಣದ ಮುಂದಿಟ್ಟು ಪರೀಕ್ಷಿಸುವುದು ಒಳ್ಳೆಯದು. ಅದಕ್ಕೆ ಅವಕಾಶವಿಲ್ಲದಿದ್ದರೂ ಮೇಜಿನ ಮೇಲೆ ಮಾಡಬಹುದಾದ ಪರೀಕ್ಷೆಯನ್ನು ಬಿಡಬಾರದು. ಹಲವು ಕಂಟ್ರೋಲರ್‌ಗಳಲ್ಲಿ ತಪಾಸಣೆಯ ಬಿಟ್‌ಗಳನ್ನು ಬೇಕೆಂದೇ ತಪ್ಪಾಗಿ ಬರೆಯುವ ಪರೀಕ್ಷಾ ಸೌಲಭ್ಯ ಇರುತ್ತದೆ. 32 ಬಿಟ್ ದತ್ತಾಂಶಕ್ಕೆ 7 ತಪಾಸಣೆಯ ಬಿಟ್ ಸೇರಿ 39 ಆದ್ದರಿಂದ ಒಂಟಿ ದೋಷಗಳು 39, ಜೋಡಿ ದೋಷಗಳು 741. ಇಷ್ಟನ್ನೂ ಒಂದೂ ಬಿಡದೆ ಹಾಕಿ, ಮೊದಲನೆಯವೆಲ್ಲ ತಿದ್ದಿದವೇ, ಎರಡನೆಯವೆಲ್ಲ ದೂರಾಗಿ ಬಂದವೇ ಎಂದು ನೋಡಲು ನಿಮಿಷವೂ ಹಿಡಿಯದು. ತಿದ್ದಲಾಗದ ದೋಷ ಬಂದಾಗ ಓಡಬೇಕಾದ ಪ್ರೋಗ್ರಾಂ ಭಾಗವನ್ನು ಈ ಪರೀಕ್ಷೆಯೊಂದೇ ನಿಜವಾಗಿ ಓಡಿಸುತ್ತದೆ, ಮತ್ತು ತಪ್ಪುಗಳು ಹೆಚ್ಚಾಗಿ ಅಡಗಿರುವುದು ಅಲ್ಲೇ.

ತಿದ್ದಿದ ಪ್ರತಿ ದೋಷದ ವಿಳಾಸವನ್ನೂ ಸಮಯವನ್ನೂ ದಾಖಲಿಸಿ ನೆಲಕ್ಕೆ ಕಳಿಸುವ ಏರ್ಪಾಡು ಇರಲಿ. ಒಂದೇ ವಿಳಾಸ ಮತ್ತೆ ಮತ್ತೆ ಕಾಣಿಸಿಕೊಂಡರೆ ಅದು ಅಂಟಿಕೊಂಡ ಬಿಟ್, ಆ ಜಾಗವನ್ನು ಬಳಕೆಯಿಂದ ತೆಗೆಯಬೇಕು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುವ ಉಪಗ್ರಹವಾದರೆ, ಪ್ರತಿ ದೋಷ ಸಂಭವಿಸಿದ ಹೊತ್ತಿನಲ್ಲಿ ಉಪಗ್ರಹ ಯಾವ ಊರಿನ ಮೇಲಿತ್ತೆಂದು ನಕ್ಷೆಯಲ್ಲಿ ಚುಕ್ಕಿ ಇಡುತ್ತ ಹೋಗಿ. ಒಳಗಿನ ವಿಕಿರಣ ಪಟ್ಟಿ ಭೂಮಿಗೆ ತೀರ ಹತ್ತಿರ ಇಳಿಯುವ ದಕ್ಷಿಣ ಅಟ್ಲಾಂಟಿಕ್ ಮತ್ತು ಬ್ರೆಜಿಲ್ ಮೇಲೆ ಚುಕ್ಕಿಗಳು ಮುತ್ತಿಕೊಳ್ಳುತ್ತವೆ. ಇದಕ್ಕಾಗಿಯೇ ಸ್ಕ್ರಬಿಂಗ್ ಸುತ್ತು ಕೆಲವು ನಿಮಿಷಗಳಲ್ಲಿ ಮುಗಿಯುವಂತಿದ್ದರೆ ಚುಕ್ಕಿಗಳು ಸರಿಯಾದ ಜಾಗದಲ್ಲಿ ಬೀಳುತ್ತವೆ. ಹಾರಿ ಕೆಲವು ವಾರಗಳಾದರೂ ದೊಡ್ಡ ಡಿರ‍್ಯಾಮ್ ಮೆಮೊರಿಯ ದೋಷದ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಸಂತೋಷಪಡುವ ಮೊದಲು ಎಣಿಸುವ ಪ್ರೋಗ್ರಾಂ ಓಡುತ್ತಿದೆಯೇ ಎಂದು ನೋಡಿ.